ನಮ್ಮನೆಯ ಬಾರ್ಲಿ ಮಿಲ್ಲು

ಕಾಳನ್ನು ಹಿಟ್ಟು ಮಾಡುವುದು ಸುಲಭ, ಹಿಟ್ಟಾಗದ ಹಾಗೆ ಒಡೆಯುವುದೇ ಕಷ್ಟ. ಇದನ್ನು ನಾನು ಅಮ್ಮನ ಅಡುಗೆಮನೆಯಲ್ಲಿ ಕಲಿತೆ ಅಂತ ಹೇಳಿದ್ದರೆ ನಿಮಗೂ ಸಮಾಧಾನ, ನನಗೂ ಮರ್ಯಾದೆ. ಆದರೆ ಕಲಿತದ್ದು ಬಿಯರಿನಿಂದ. ಗಾಬರಿಯಾಗಬೇಡಿ. ಹಬ್ಬದ ದಿನ ಈರುಳ್ಳಿಯನ್ನೂ ಹೊಸಿಲಾಚೆ ಇಡುವ ಮನೆಯಲ್ಲಿ ಹುಟ್ಟಿದವಳು ನಾನು, ಬಿಯರ್ ಎಂಬ ಮಾತು ಮದುವೆಗೆ ಮುಂಚೆ ನನ್ನ ಬಾಯಲ್ಲಿ ಬಂದದ್ದೂ ಇಲ್ಲ. ಅಂಥವಳ ಮನೆಯಲ್ಲಿ, ದೇವರ ಗೂಡಿನಿಂದ ಎರಡು ಮಾರು ದೂರದಲ್ಲಿ, ಬಿಯರಿಗೆಂದು ಬಾರ್ಲಿ ಒಡೆಯುವ ಯಂತ್ರವೊಂದು ತಯಾರಾಯಿತು. ಇನ್ನೂ ದೂರ ಇಡೋಣವೆಂದರೆ ಮನೆಯೇ ಅಷ್ಟಿತ್ತು.

ಆಗ ನಾವು ದಾಸರಹಳ್ಳಿಯಲ್ಲಿದ್ದೆವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರು ರಸ್ತೆಯಲ್ಲಿ ಹೊತ್ತುಗೊತ್ತಿಲ್ಲದೆ ಲಾರಿಗಳು, ಹತ್ತಿರದಲ್ಲೇ ಪೀಣ್ಯದ ಕಾರ್ಖಾನೆಗಳು, ನಮ್ಮಂಥ ಬಾಡಿಗೆಯವರ ಸಾಲುಮನೆಗಳು, ಸಾಲುಮನೆಯ ಬೆನ್ನಿಗೆ ಇನ್ನೂ ಉಳಿದಿದ್ದ ರಾಗಿ ಹೊಲ. ಹೊಲವೂ ಗಂಗಮ್ಮನದು, ಸಾಲುಮನೆಯೂ ಗಂಗಮ್ಮನದು. ಅರ್ಧ ಜಮೀನು ಕಾರ್ಖಾನೆಗಳಿಗೆ ಹೋದಮೇಲೆ ಉಳಿದರ್ಧದಲ್ಲಿ ಆಕೆ ರಾಗಿಯನ್ನೂ ಬಾಡಿಗೆದಾರರನ್ನೂ ಬೆಳೆಯುತ್ತಿದ್ದಳು. ಇಬ್ಬರಲ್ಲೂ ಆಕೆಗೆ ಭೇದವಿರಲಿಲ್ಲ. ಬೆಳಗಾದರೆ ಎರಡೂ ಕಡೆ ಒಂದೊಂದು ಸುತ್ತು ಹಾಕಿ, ಯಾರು ಬಾಡಿದ್ದಾರೆ ಯಾರು ಚಿಗುರಿದ್ದಾರೆ ನೋಡಿಕೊಂಡು ಹೋಗುತ್ತಿದ್ದಳು.

ನಮ್ಮವರಿಗೆ ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಲೇತಿನವರು ಕಡೆದು ಕೊಟ್ಟ ಉಕ್ಕಿನ ತುಂಡನ್ನು ಗ್ರೈಂಡಿಂಗ್ ಮೆಷಿನ್ನಿಗೆ ಕೊಟ್ಟು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ನುಣುಪು ಮಾಡುವುದು ಅವರ ಪಾಲಿನದು. ಮದುವೆಯಾದ ಹೊಸದರಲ್ಲಿ ನಾನು ಕಾಫಿ ಕೊಟ್ಟರೆ ಅವರು ಕುಡಿಯುವ ಮೊದಲು ಲೋಟದ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಒಂದು ಸುತ್ತು ಸವರಿದರು. ನಮ್ಮ ತವರಿನವರು ಕೊಟ್ಟ ಲೋಟದಲ್ಲಿ ಐಬು ಹುಡುಕುತ್ತಿದ್ದಾರೆ ಅಂತ ನಾನು ಮುಖ ಊದಿಸಿಕೊಂಡೆ. ಆಮೇಲೆ ನೋಡಿದರೆ ಅವರು ಬಾಗಿಲನ್ನೂ ಸವರುತ್ತಿದ್ದರು, ತಟ್ಟೆಯನ್ನೂ ಸವರುತ್ತಿದ್ದರು, ಬಸ್ಸಿನಲ್ಲಿ ನಿಂತರೆ ಹಿಡಿಯುವ ಕಂಬಿಯನ್ನೂ ಸವರುತ್ತಿದ್ದರು. ಅದು ಐಬು ಹುಡುಕುವ ಸ್ವಭಾವವಲ್ಲ, ಕೆಲಸ ಬೆರಳಿಗಿಳಿದವರ ಅಭ್ಯಾಸ. ಮೀಸೆ ಕತ್ತರಿಸಿಕೊಳ್ಳುವಾಗ ಗುನುಗುವುದು ಇನ್ನೊಂದು ಅಭ್ಯಾಸ. ಯಾವ ಹಾಡೆಂದು ಹಾಡಿದವರಿಗೂ ತಿಳಿಯಬಾರದು, ಹಾಗೆ ಗುನುಗುತ್ತಿದ್ದರು.

ಇಂಥವರ ಕಾರ್ಖಾನೆಗೆ ಬೀಗ ಬಿತ್ತು. ಯೂನಿಯನ್ನಿನವರು ಒಂದು ಅಂದರು, ಮ್ಯಾನೇಜ್‌ಮೆಂಟಿನವರು ಇನ್ನೊಂದು ಅಂದರು, ಒಂದು ಬೆಳಿಗ್ಗೆ ಗೇಟಿನ ಮೇಲೆ ಲಾಕೌಟ್ ನೋಟಿಸು ಅಂಟಿತು. ಮೊದಮೊದಲು ದಿನಾ ಡಬ್ಬಿ ಕಟ್ಟಿಸಿಕೊಂಡು ಹೋಗಿ ಗೇಟಿನೆದುರು ಶಾಮಿಯಾನದಲ್ಲಿ ಕೂತು ಬರುತ್ತಿದ್ದರು. ಆಮೇಲೆ ಶಾಮಿಯಾನವೂ ಹೋಯಿತು. ಇವರು ಮನೆಯಲ್ಲಿ ಕೂತರು.

ಭಾನುವಾರದ ಗಂಡ ಬೇರೆ, ಮಂಗಳವಾರದ ಗಂಡ ಬೇರೆ. ಭಾನುವಾರ ಮನೆಯಲ್ಲಿರುವ ಗಂಡಸನ್ನು ಅಭ್ಯಂಜನ, ಊಟ, ನಿದ್ದೆ ಅಂತ ಮೂರು ಭಾಗ ಮಾಡಿ ಮುಗಿಸಬಹುದು. ಮಂಗಳವಾರ ಹನ್ನೊಂದು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಗಂಡಸನ್ನು ಏನು ಮಾಡುವುದು? ನಮ್ಮವರು ರಿಪೇರಿ ಶುರುಮಾಡಿದರು. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಕೊಡೆ, ಸ್ಟೌ, ಕುಕ್ಕರಿನ ಹಿಡಿ. ನಮ್ಮ ಮನೆ ಮುಗಿದಮೇಲೆ ಸಾಲುಮನೆ ಪೂರ್ತಿ. ಗಂಗಮ್ಮನ ಕೊಟ್ಟಿಗೆಯ ಅಗುಳಿಯನ್ನು ಎಷ್ಟು ನುಣುಪು ಮಾಡಿದರೆಂದರೆ ಹಸು ಮೂತಿಯಿಂದಲೇ ಅದನ್ನು ಸರಿಸಿಕೊಂಡು ಹೋಗಿ ರಾಗಿ ಮೇಯ್ದು ಬಂತು. ಗಂಗಮ್ಮ ಅಗುಳಿಗೆ ಒಂದು ಹಗ್ಗ ಕಟ್ಟಿದಳು.

ಒಂದು ದಿನ ರಿಪೇರಿಗೆ ಏನೂ ಉಳಿಯಲಿಲ್ಲ. ಆವತ್ತಿನಿಂದ ಇವರು ಗೋಡೆ ನೋಡುತ್ತಾ ಕೂರುವುದಕ್ಕೆ ಶುರುಮಾಡಿದರು. ಏನು ಕೇಳಿದರೂ ಹೂಂ, ಎಷ್ಟು ಬಡಿಸಿದರೂ ಸಾಕು. ಲೋಟ ಕೊಟ್ಟರೆ ಅಂಚು ಸವರದೆ ಸುಮ್ಮನೆ ಕುಡಿದು ಇಟ್ಟರು. ಗುನುಗು ನಿಂತಿತು. ಸಂಬಳವಿಲ್ಲದ ಸಂಸಾರ ಹೇಗೋ ತೂಗಿಸಬಹುದು ಅಂತ ನನಗೆ ಧೈರ್ಯವಿತ್ತು, ಈ ಮೌನವನ್ನು ತೂಗಿಸುವುದು ಹೇಗೆಂದು ಗೊತ್ತಾಗಲಿಲ್ಲ. ನಿಜ ಹೇಳುತ್ತೇನೆ, ಹೆದರಿದೆ. ಕಾರ್ಖಾನೆಯ ಬೀಗ ತೆಗೆಯುವ ಹೊತ್ತಿಗೆ ಒಳಗೆ ಹೋಗುವುದಕ್ಕೆ ಈ ಮನುಷ್ಯ ಉಳಿದಿರುತ್ತಾರೋ ಇಲ್ಲವೋ ಅನ್ನಿಸುತ್ತಿತ್ತು.

ಆಗ ಬಂದವನು ವಿಲ್ಸನ್. ಪಕ್ಕದ ಮನೆ, ಅದೇ ಟೂಲ್ ರೂಮಿನ ಲೇತಿನವನು, ಕೆ.ಜಿ.ಎಫ್. ಕಡೆಯ ಹುಡುಗಾಟದ ಮನುಷ್ಯ. ಇವನ ತಾತ ಗಣಿಯ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯಲ್ಲಿ ಅಡುಗೆಯವನಾಗಿದ್ದು, ಮನೆಯಲ್ಲೇ ಬಿಯರ್ ಮಾಡುವುದನ್ನು ಕಲಿತಿದ್ದನಂತೆ. ಒಂದು ಮಧ್ಯಾಹ್ನ ವಿಲ್ಸನ್ ನಮ್ಮ ಜಗಲಿಯಲ್ಲಿ ಕೂತು, "ಗುರು, ಸುಮ್ನೆ ಕೂತು ಏನ್ಮಾಡೋದು, ಬಿಯರ್ ಮಾಡೋಣ್ವಾ?" ಅಂದ. ನಾನು ಒಳಗೆ ಇಕ್ಕಳ ಹಿಡಿದಿದ್ದೆ. ಇಕ್ಕಳದ ಸಮೇತ ಹೊರಗೆ ಬಂದು ಇಬ್ಬರಿಗೂ ನಾಲ್ಕು ಮಾತು ಬಿಡಬೇಕೆಂದು ಹೊರಟವಳು ಬಾಗಿಲ ಹತ್ತಿರ ನಿಂತೆ. ಯಾಕೆಂದರೆ ಇವರು ಕೇಳಿದರು: "ಅದಕ್ಕೆ ಮೆಷಿನ್ ಏನೇನ್ ಬೇಕು?"

ಎಷ್ಟೋ ದಿನದ ಮೇಲೆ ಒಂದು ಪೂರಾ ವಾಕ್ಯ. ನಾನು ಹಿಂದಿರುಗಿ ಹೋಗಿ ಇಬ್ಬರಿಗೂ ಕಾಫಿಗಿಟ್ಟೆ. ಅಬಕಾರಿಯವರು ಬಂದರೆ ಏನು ಗತಿ, ಅತ್ತೆ ಬಂದರೆ ಏನು ಗತಿ ಅಂತ ಹಾಲು ಉಕ್ಕುವವರೆಗೆ ಯೋಚಿಸಿದೆ. ಅತ್ತೆಯ ಭಯವೇ ಜಾಸ್ತಿಯಿತ್ತು.

ಸಿಪ್ಪೆ ಸಮೇತ ಇರುವ ಬಾರ್ಲಿ ಬೇಕಂತೆ. ಜ್ವರ ಬಂದವರಿಗೆ ಗಂಜಿ ಕಾಯಿಸುವ ಬೋಳು ಬಾರ್ಲಿ ಮೊಳೆಯುವುದಿಲ್ಲ. ಸಿಪ್ಪೆಯ ಬಾರ್ಲಿ ಸಿಗುವುದು ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ, ಹೋಮದ ಸಾಮಾನಿನ ಜೊತೆ. ನಮ್ಮವರು ಚೀಲ ಹಿಡಿದು ಹೋಗಿ ಅಷ್ಟು ಬಾರ್ಲಿ ಕೇಳಿದ್ದಕ್ಕೆ ಅಂಗಡಿಯವನು ಕೈಮುಗಿದು, ಯಾವ ದೊಡ್ಡ ಹೋಮ ಸಾರ್ ಅಂದನಂತೆ. ಸುಳ್ಳು ಬಾರದ ಇವರು, "ಒಂಥರಾ ಹಂಗೇ" ಅಂದು ಬಂದರು. ಕಹಿಗೆಂದು ಅದೇ ಅಂಗಡಿಯಲ್ಲಿ ನೆಲಬೇವೂ ಕಟ್ಟಿಸಿಕೊಂಡಿದ್ದರು. ಬಿಯರಿಗೆ ಹಾಕುವ ನಿಜವಾದ ಕಹಿ ಹೂವು ನಮ್ಮ ದೇಶದ ಪೇಟೆಯಲ್ಲಿ ಎಲ್ಲಿ ಸಿಗಬೇಕು? ನೆಲಬೇವು ಹಾಕಿದರೆ ಮಲೇರಿಯಾನೂ ಬರಲ್ಲ ಅಂತ ವಿಲ್ಸನ್ ಸಮಾಧಾನ ಹೇಳಿದ.

ಮೊಳಕೆ ಕಟ್ಟುವುದು ಗಂಡಸರ ಕೈಯಲ್ಲಾಗುವ ಕೆಲಸವಲ್ಲ. ಅವರಿಬ್ಬರೂ ಬಾರ್ಲಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಅದು ಯಾವಾಗ ಚಿಗುರುತ್ತದೆಂದು ಕಾಯುತ್ತಿದ್ದರು. ನೋಡಲಾರದೆ ನಾನೇ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಹೆಸರುಕಾಳಿನ ಹಾಗೆ ನೋಡಿಕೊಂಡೆ. ಬಿಳಿ ಬೇರು ಒಡೆದಮೇಲೆ ಬಿಸಿಲಿಗೆ ಹರವಿ, ಗುಬ್ಬಿ ಕಾದು, ಬಾಣಲೆಯಲ್ಲಿ ಬೆಚ್ಚಗೆ ಮಾಡಿದೆ. ಮೊಳಕೆ ಕಟ್ಟಿದ್ದಷ್ಟೇ ನಾನು, ಮುಂದಿನದು ಅವರ ಪಾಪ ಅಂತ ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ನಂಬಿತು, ಅದಕ್ಕೂ ಆಗ ನಂಬಬೇಕಾಗಿತ್ತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ತಾತ ಆಯುರ್ವೇದ ಪಂಡಿತರು. ಔಷಧಿ ಮಾಡುವಾಗ ಬೇರು ನಾರುಗಳನ್ನು ನುಣ್ಣಗೆ ಅರೆಯಬಾರದು, ಯವಕುಟ ಮಾಡಬೇಕು ಅನ್ನುತ್ತಿದ್ದರು. ಅಂದರೆ ಬಾರ್ಲಿ ಕುಟ್ಟಿದ ಹಾಗೆ, ತರಿತರಿಯಾಗಿ. ಅದನ್ನು ಬೆಲ್ಲದ ನೀರಲ್ಲಿ ಹಾಕಿ, ಮಡಕೆಯ ಬಾಯಿಗೆ ಮಣ್ಣು ಮೆತ್ತಿ, ಭತ್ತದ ರಾಶಿಯಲ್ಲಿ ಹೂತಿಡುತ್ತಿದ್ದರು. ತಿಂಗಳಾದಮೇಲೆ ತೆಗೆದರೆ ಅರಿಷ್ಟ. ಊಟವಾದಮೇಲೆ ಜೀರ್ಣಕ್ಕೆಂದು ಮನೆಮಂದಿಯೆಲ್ಲಾ ಒಂದೊಂದು ಚಮಚ, ತಾತ ಮಾತ್ರ ಪಂಡಿತರಾದ್ದರಿಂದ ಒಂದು ಲೋಟ. ಕುಡಿದಮೇಲೆ ಅವರು ಅಮರಕೋಶವನ್ನು ರಾಗವಾಗಿ ಹೇಳುತ್ತಿದ್ದರು. ನಮ್ಮದು ಮದ್ಯ ಮುಟ್ಟದ ವಂಶ ಎಂದು ನಾನು ಹೆಮ್ಮೆಪಡುತ್ತಿದ್ದುದು ಈ ತಾತನ ಹೆಸರಿನಲ್ಲೇ.

ಬಾರ್ಲಿ ಒಡೆಯುವುದಕ್ಕೆ ಮೊದಲು ಗಂಗಮ್ಮನ ಬೀಸೋ ಕಲ್ಲನ್ನೇ ಎರವಲು ತಂದರು. ಅದು ರಾಗಿ ಬೀಸಿ ಪಳಗಿದ ಕಲ್ಲು. ಹಿಟ್ಟು ಮಾಡುವುದೊಂದೇ ಅದಕ್ಕೆ ಗೊತ್ತು, ಬಾರ್ಲಿಯನ್ನೂ ಪೌಡರು ಮಾಡಿ ಕೊಟ್ಟಿತು. ಅದನ್ನು ಬಿಸಿನೀರಲ್ಲಿ ನೆನೆಸಿ ಸಿಹಿನೀರು ಬಸಿಯೋಣವೆಂದರೆ ಒಂದು ಹನಿ ಕೆಳಗಿಳಿಯಲಿಲ್ಲ. ಹಳೇ ಪಂಚೆ ಬಟ್ಟೆಯ ನನ್ನ ಜರಡಿಯೂ ಮೆತ್ತಿಕೊಂಡು ಕೂತಿತು. ಗಂಗಮ್ಮ ಬೆರಳದ್ದಿ ನಾಲಿಗೆಗಿಟ್ಟು, "ಅಂಬ್ಲಿ ಮಾಡೀರಾ? ಉಪ್ಪು ಆಕಿಲ್ವಲ್ಲವ್ವ" ಅಂದಳು. ಅದು ಹಸುವಿನ ಪಾಲಾಯಿತು.

ವಿಲ್ಸನ್ ತಲೆ ಕೆರೆದುಕೊಂಡು ತನ್ನ ತಾತನ ಮಾತು ನೆನಪು ಮಾಡಿಕೊಂಡ. ಕಾಳಿನ ಒಳಗಿನದು ಮೂರು ನಾಲ್ಕು ಚೂರಾಗಬೇಕು, ಆದರೆ ಸಿಪ್ಪೆ ಹರಿಯಬಾರದು. ಸಿಪ್ಪೆಗಳೇ ಒಂದರ ಮೇಲೊಂದು ಕೂತು ಜರಡಿಯಾಗುತ್ತವೆ, ನೀರು ಅದರ ಸಂದಿಯಲ್ಲಿ ತಿಳಿಯಾಗಿ ಇಳಿಯುತ್ತದೆ. ಅದಕ್ಕೆ ಕಲ್ಲು ಸಾಲದು, ಜೋಡಿ ರೋಲರು ಬೇಕು, ಕಬ್ಬಿನ ಗಾಣದಂತೆ. ರೋಲರ್ ಅಂದಕೂಡಲೇ ನಮ್ಮವರು ಎದ್ದು ಚಪ್ಪಲಿ ಮೆಟ್ಟಿದರು.

ಆಮೇಲಿನ ವಾರಗಳು ನನ್ನ ಸಂಸಾರದ ಒಳ್ಳೆಯ ವಾರಗಳು. ಗುಜರಿಯಿಂದ ಒಂದು ಹಳೆಯ ಶಾಫ್ಟು ಬಂತು, ಬೇರಿಂಗುಗಳು ಬಂದವು, ತಿರುಗಿಸುವ ಹಿಡಿಗೆ ಸೈಕಲ್ಲಿನ ಪೆಡಲು ಬಂತು. ಕಾಳು ಸುರಿಯುವ ಬಾಯಿಗೆ ನನ್ನ ಎಣ್ಣೆ ಡಬ್ಬ ಹೋಯಿತು, ಎಣ್ಣೆ ಇನ್ನೂ ಅದರಲ್ಲಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ. ಪೀಣ್ಯದಲ್ಲಿ ಗುರುತಿನವರ ಸಣ್ಣ ಶೆಡ್ಡೊಂದಿತ್ತು. ಊಟದ ಹೊತ್ತಿನಲ್ಲಿ ಅಲ್ಲಿಯ ಮೆಷಿನ್ನು ಖಾಲಿ ಇರುವಾಗ ವಿಲ್ಸನ್ ರೋಲರ್ ಕಡೆಯುತ್ತಿದ್ದ, ಇವರು ಗ್ರೈಂಡಿಂಗ್ ಮಾಡುತ್ತಿದ್ದರು. ಸಂಜೆ ಕೈಯೆಲ್ಲಾ ಕಪ್ಪು ಮಾಡಿಕೊಂಡು ಬಂದು, ಆವತ್ತಿನ ಕೆಲಸವನ್ನು ನನಗೆ ವಿವರಿಸುತ್ತಿದ್ದರು. ನನಗೆ ಅರ್ಥವಾದದ್ದು ಅಷ್ಟಕ್ಕಷ್ಟೇ. ಹೂಂ ಅನ್ನುವ ಸರದಿ ಈಗ ನನ್ನದು, ಆನಂದವಾಗಿ ಅನ್ನುತ್ತಿದ್ದೆ.

ಕೊನೆಗೆ ಯಂತ್ರ ಮನೆಗೆ ಬಂತು. ಕಬ್ಬಿಣದ ಚೌಕಟ್ಟು, ಎರಡು ರೋಲರು, ಮೇಲೆ ಎಣ್ಣೆ ಡಬ್ಬ. ರೋಲರುಗಳಂತೂ ಕನ್ನಡಿ! ನಾನು ಬಗ್ಗಿ ಅದರಲ್ಲಿ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡೆ. ಇಂಥ ಫಿನಿಶಿಂಗ್ ಕಾರ್ಖಾನೆಯಲ್ಲೂ ಕೊಟ್ಟಿಲ್ಲ ಗುರು ಅಂತ ವಿಲ್ಸನ್ ಅಂದ. ಇವರು ಉಗುರಿನಿಂದ ಒಂದು ಸಲ ಸವರಿ, ನನಗೂ ಸವರಿ ನೋಡು ಅಂದರು. ಎಲ್ಲೂ ಉಗುರು ನಿಲ್ಲಲಿಲ್ಲ.

ಬಾರ್ಲಿಯೂ ನಿಲ್ಲಲಿಲ್ಲ. ಪೆಡಲು ತಿರುಗಿಸಿದರೆ ರೋಲರುಗಳು ಸದ್ದಿಲ್ಲದೆ ಸುತ್ತಿದವು, ಕಾಳುಗಳು ಮೇಲೆ ಕೂತು ಜಾರಿದವು, ಕುಣಿದವು, ಒಂದಾದರೂ ಒಳಗೆ ಹೋಗಲಿಲ್ಲ. ಜೋರಾಗಿ ತಿರುಗಿಸಿದರು. ಕಾಳುಗಳು ಜೋರಾಗಿ ಕುಣಿದವು. ಕೈಯಿಂದ ಒತ್ತಿದರು, ಬೋಲ್ಟು ಸಡಿಲಿಸಿದರು, ಬಿಗಿಮಾಡಿದರು. ವಿಲ್ಸನ್ ಏನೋ ತಮಾಷೆ ಮಾಡಹೋಗಿ ಇವರ ಮುಖ ನೋಡಿ, ಉದುರಿದ ಕಾಳು ಆಯತೊಡಗಿದ. ಇವರು ಯಂತ್ರದ ಮೇಲೆ ಗೋಣಿಚೀಲ ಮುಚ್ಚಿ ಗೋಡೆಯ ಕಡೆ ಮುಖ ಮಾಡಿ ಕೂತರು. ಮತ್ತೆ ಹೂಂ, ಮತ್ತೆ ಸಾಕು. ನನಗೆ ಬಾರ್ಲಿಯ ಮೇಲೆ ಬಂದ ಸಿಟ್ಟು ಇಷ್ಟಷ್ಟಲ್ಲ.

ಹೀಗೇ ಇರುವಾಗ ಒಂದು ಬೆಳಿಗ್ಗೆ ಬೀದಿಯಲ್ಲಿ ಒರಳಿಗೆ ಮುಳ್ಳು ಹೊಡೆಯುವವಳು ಬಂದಳು. ಉಳಿ ಸುತ್ತಿಗೆ ಹಿಡಿದು, ಸವೆದ ಒರಳುಕಲ್ಲಿನ ಮೈಗೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಒರಟು ಮಾಡಿಕೊಡುವವರು ಆಗ ಎಲ್ಲ ಬೀದಿಯಲ್ಲೂ ಬರುತ್ತಿದ್ದರು. ನಾನು ಅವಳನ್ನು ಒಳಗೆ ಕೂರಿಸಿಕೊಂಡು ನನ್ನ ಗೋಳು ಹೇಳಿಕೊಂಡೆ. ಮನೆಯಲ್ಲಿರುವುದೆಲ್ಲಾ ನುಣುಪೋ ನುಣುಪು ಕಣಮ್ಮ, ಈ ಕಲ್ಲೂ ಹಾಗೇ ಆಗಿದೆ, ಅಕ್ಕಿ ಹಾಕಿದರೆ ಹಿಡಿತವೇ ಇಲ್ಲ, ಸುಮ್ಮನೆ ಜಾರುತ್ತೆ, ರಟ್ಟೆ ಬಿದ್ದುಹೋಯಿತು, ಗಟ್ಟಿಯಾಗಿ ಮುಳ್ಳು ಹೊಡಿ. ಹೀಗೆ ಹೇಳುತ್ತಾ ಇದ್ದವಳಿಗೆ ಹಿಂದೆ ಏನೋ ಸದ್ದು ಕೇಳಿ ತಿರುಗಿದೆ. ಇವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಸಣ್ಣ ನಗುವಲ್ಲ, ಚೌಕಟ್ಟು ಹಿಡಿದುಕೊಂಡು ನಗುವ ನಗು. ಆ ಹೆಂಗಸು ನನ್ನ ಮುಖ ನೋಡಿದಳು. ನನಗೂ ಏನೆಂದು ಗೊತ್ತಿರಲಿಲ್ಲ, ಆದರೂ ನಗು ಬಂತು, ಹಾಗೇ ಕಣ್ಣಲ್ಲಿ ನೀರೂ ಬಂತು.

ರೋಲರಿಗೆ ಮುಳ್ಳು ಹೊಡೆಯಬೇಕಾಗಿತ್ತು, ಅಷ್ಟೇ. ಕಾರ್ಖಾನೆಯವರು ಅದಕ್ಕೆ ನರ್ಲಿಂಗ್ ಅನ್ನುತ್ತಾರೆ. ಕೈ ಜಾರಬಾರದೆಂದು ಉಪಕರಣಗಳ ಹಿಡಿಯ ಮೇಲೆ ಹಾಕುವ ಅಡ್ಡಡ್ಡ ಗೀರು. ಉಕ್ಕಿನ ಕೆಲಸ ಮಾಡುವ ಇಬ್ಬರಿಗೆ ಇದು ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ಇಪ್ಪತ್ತು ವರ್ಷ ನುಣುಪು ಮಾಡುವುದಕ್ಕೇ ಸಂಬಳ ಪಡೆದವರಿಗೆ ಒರಟು ಕೂಡ ಒಂದು ಗುಣ ಅಂತ ಹೊಳೆಯುವುದು ಕಷ್ಟ. ಹೊಳೆದಮೇಲೂ ಸುಲಭವಾಗಲಿಲ್ಲ. ಆ ಕನ್ನಡಿಯಂಥ ಮೈಗೆ ಗೀರು ಹಾಕಿಸಲು ಇವರಿಗೆ ಕೈ ಬರದೆ, ರೋಲರುಗಳನ್ನು ಬಟ್ಟೆಯಲ್ಲಿ ಸುತ್ತಿ ಶೆಡ್ಡಿಗೆ ತೆಗೆದುಕೊಂಡು ಹೋಗಿ, ಹಾಗೇ ವಾಪಸ್ಸು ತಂದರು. ಮಾರನೇ ದಿನ ಶೆಡ್ಡಿನ ಲೇತಿನ ಮುಂದೆ ವಿಲ್ಸನ್ನನ ಕೈಗೆ ಕೊಟ್ಟು ತಾವು ಹೊರಗೆ ಹೋಗಿ ನಿಂತಿದ್ದರಂತೆ. ಮಗುವಿಗೆ ಕಿವಿ ಚುಚ್ಚಿಸುವಾಗ ಅಪ್ಪಂದಿರು ಹಾಗೆ ನಿಲ್ಲುತ್ತಾರೆ.

ಗೀರು ಬಿದ್ದಮೇಲೆ ಯಂತ್ರ ನಡೆಯಿತು. ಕರಕರ ಅಂತ ಸದ್ದು, ಕೆಳಗೆ ಮೊರದಲ್ಲಿ ಒಡೆದ ಬಾರ್ಲಿ. ನಾನು ಒಂದು ಹಿಡಿ ತೆಗೆದು ನೋಡಿದೆ, ಸಿಪ್ಪೆ ಇಡಿಯಾಗಿತ್ತು, ಒಳಗೆ ಬಿಳಿ ತರಿ. ನಮ್ಮ ತಾತನ ಯವಕುಟ! ಮುಂದಿನದನ್ನು ಅರ್ಥಮಾಡಿಕೊಳ್ಳಲು ನನಗೆ ಯಾರ ವಿವರಣೆಯೂ ಬೇಕಾಗಲಿಲ್ಲ. ಸಿಹಿನೀರು ತಿಳಿಯಾಗಿ ಇಳಿಯಿತು, ನೆಲಬೇವಿನ ಜೊತೆ ಕುದಿಯಿತು, ಆರಿತು. ಬೇಕರಿಯಿಂದ ತಂದ ಯೀಸ್ಟು ಹಾಕಿ ದೊಡ್ಡ ಉಪ್ಪಿನಕಾಯಿ ಭರಣಿಗೆ ತುಂಬಿದಮೇಲೆ ಅದು ಇಡ್ಲಿಹಿಟ್ಟಿನ ಹಾಗೆ ಉಬ್ಬಿ, ಗುಳುಗುಳು ಅಂದು, ತಣ್ಣಗಾಯಿತು. ಇಡ್ಲಿಹಿಟ್ಟನ್ನು ರಾತ್ರಿ ಉಬ್ಬಲು ಬಿಟ್ಟು ನಿಶ್ಚಿಂತೆಯಾಗಿ ಮಲಗುವ ಹೆಂಗಸಿಗೆ ಬಿಯರನ್ನು ಪಾಪವೆಂದು ಪೂರ್ತಿ ನಂಬುವುದು ಕಷ್ಟ. ಅಷ್ಟು ದಿನವೂ ಇವರು ಬೆಳಿಗ್ಗೆ ಎದ್ದವರು ಮೊದಲು ಭರಣಿಗೆ ಕಿವಿಗೊಟ್ಟು, ಆಮೇಲೆ ಮೀಸೆ ಕತ್ತರಿಸಿಕೊಳ್ಳುತ್ತಿದ್ದರು. ಗುನುಗು ಮರಳಿತ್ತು. ಯಾವ ಹಾಡೋ ದೇವರಿಗೇ ಗೊತ್ತು.

ಸ್ಕ್ವಾಶ್ ಬಾಟಲಿಗಳಲ್ಲಿ ತುಂಬಿ ಕೆಲವು ದಿನ ಇಟ್ಟಮೇಲೆ, ಒಂದು ಭಾನುವಾರ ಮಧ್ಯಾಹ್ನ ಬಾಟಲಿ ತೆಗೆದರು. ನೊರೆ ಬಂತು. ಬಣ್ಣ ಎಳೆ ಜೇನಿನದು. ವಿಲ್ಸನ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡು, ತಾತ ಇದ್ದಿದ್ದರೆ ಅಂದು ಅಷ್ಟಕ್ಕೇ ನಿಲ್ಲಿಸಿದ. ಗಂಗಮ್ಮ ಲೋಟ ಖಾಲಿಮಾಡಿ, ಸೆರಗಿನಿಂದ ಬಾಯೊರೆಸಿಕೊಂಡು, "ಬಲೇ ಚೆಂದಾಗೈತೆ ಕಣಪ್ಪ" ಅಂತ ಇನ್ನೊಂದು ಸಲ ಲೋಟ ಚಾಚಿದಳು. ಬಿಯರು ಚೆನ್ನಾಗಿತ್ತು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ನಮ್ಮವರು ಎಲ್ಲರ ಮಾತನ್ನೂ ಕೇಳಿ ತಲೆ ಅಲ್ಲಾಡಿಸಿದರು. ಆಮೇಲೆ ಎದ್ದು ಒಳಗೆ ಹೋದರು. ನಾನು ಹಿಂದೆಯೇ ಹೋಗಿ ನೋಡಿದರೆ, ರೋಲರುಗಳಿಗೆ ಎಣ್ಣೆ ಬಟ್ಟೆ ಸವರಿ, ಯಂತ್ರವನ್ನು ಗೋಣಿಚೀಲಕ್ಕೆ ಇಳಿಸಿ, ಹುರಿಯಿಂದ ಬಾಯಿ ಕಟ್ಟುತ್ತಿದ್ದರು. ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿಯಾಗಿತ್ತು. "ಮುಗೀತಲ್ಲ" ಅಂದರು, ನನ್ನ ಕಡೆ ನೋಡದೆ. ಮುಖ ಆಗಲೇ ಗೋಡೆಯ ಕಡೆ ತಿರುಗಿತ್ತು.

ಕಾರ್ಖಾನೆಯ ಗೇಟಿಗೆ ಬೀಗ ಹಾಗೇ ಇತ್ತು. ಮಾತುಕತೆ ಮತ್ತೆ ಮುರಿದಿದೆ ಅಂತ ಹಿಂದಿನ ದಿನವೇ ಸುದ್ದಿ ಬಂದಿತ್ತು. ನಾಳೆ ಸೋಮವಾರ, ಅದರ ಮೇಲೆ ಮಂಗಳವಾರ.

ನಾನು ಹೊರಗೆ ಬಂದು ನನಗೂ ಸ್ವಲ್ಪ ಕೊಡಿ ಅಂದೆ. ವಿಲ್ಸನ್ನಿಗೆ ಕೆಮ್ಮು ಬಂತು. ಇವರು ಬಾಗಿಲಿಗೆ ಬಂದು ನಿಂತರು. ಒಂದು ಚಮಚದಲ್ಲಿ ತೆಗೆದುಕೊಂಡು, ನಮ್ಮ ಪಂಡಿತ ತಾತನನ್ನು ನೆನೆದು, ಬಾಯಿಗೆ ಹಾಕಿಕೊಂಡೆ. ಕಹಿ, ನೆಲಬೇವಿನ ಕಷಾಯ. ನನಗೆ ಗೊತ್ತಾದದ್ದು ಅಷ್ಟೇ. ಆದರೆ ನಾನು ನಾಲಿಗೆಯನ್ನು ಆಚೆ ಈಚೆ ಹೊರಳಿಸಿ, ಸಾರಿಗೆ ಉಪ್ಪು ನೋಡುವವಳ ಹಾಗೆ ಹುಬ್ಬು ಗಂಟಿಕ್ಕಿದೆ.

"ಸರಿಹೋಗಿಲ್ಲ ಕಣ್ರೀ. ಕಾಳು ಒಡೆದಿರೋದ್ರಲ್ಲೇ ಏನೋ ಹೆಚ್ಚುಕಮ್ಮಿ ಆಗಿದೆ. ಇನ್ನೊಂದ್ಸಲ ಮಾಡ್ಬೇಕು."

ವಿಲ್ಸನ್ ಬಾಯಿ ತೆರೆದ. ಅವನು ಮಾತಾಡುವ ಮೊದಲೇ, ಎರಡನೇ ಲೋಟವನ್ನೂ ಮುಗಿಸಿದ್ದ ಗಂಗಮ್ಮ ನನ್ನ ಮುಖ ನೋಡಿದಳು, ಬಾಗಿಲಲ್ಲಿ ನಿಂತವರ ಮುಖ ನೋಡಿದಳು, ಲೋಟ ಕೆಳಗಿಟ್ಟಳು. "ಊಂ ಕಣಪ್ಪ, ನಂಗೂ ಅಂಗೇ ಅನ್ನುಸ್ತು. ಯೋಳೋದು ಎಂಗೆ ಅಂತ ಸುಮ್ಕಿದ್ದೆ."

ಇವರು ನನ್ನನ್ನೇ ನೋಡಿದರು. ಜನ್ಮದಲ್ಲಿ ಮೊದಲ ಸಲ ಬಿಯರ್ ನಾಲಿಗೆಗೆ ಇಟ್ಟವಳು ನಾನು ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ. ನಾನು ಮುಖ ತಿರುಗಿಸಲಿಲ್ಲ.

"ಎಲ್ಲಿ ಹೆಚ್ಚುಕಮ್ಮಿ ಆಗಿದೆ ಅಂತೀಯೇ?" ಅಂದರು, ಮೆಲ್ಲಗೆ.

"ಅದು ನಂಗೇನ್ ಗೊತ್ತು? ನೀವೇ ಬಿಚ್ಚಿ ನೋಡಿ. ಟೈಮ್ ಬೇಕಾದಷ್ಟಿದೆಯಲ್ಲ."

ಬೀಗ ಬಿದ್ದ ದಿನದಿಂದ ಆ ಮನೆಯಲ್ಲಿ ಟೈಮ್ ಎಂಬ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಅವರು ಒಳಗೆ ಹೋಗಿ, ಗೋಣಿಚೀಲದ ಮುಂದೆ ಕೂತು, ಹುರಿಯ ಗಂಟು ಬಿಚ್ಚತೊಡಗಿದರು.